ಪೋರೂರಿನಲ್ಲೊಂದು ಹೊಸ ಉದ್ಯೋಗ: ಬರಲಿರುವ ಯಂತ್ರವನ್ನು ತೂಗಿನೋಡುವವರು

ವಡಪಳನಿಯಿಂದ ಆರ್ಕಾಟ್ ರಸ್ತೆಯನ್ನು ಹಿಡಿದು ಪಡುವಣ ದಿಕ್ಕಿಗೆ ಹೊರಟವರು ಸಾಲಿಗ್ರಾಮಂ, ವಿರುಗಂಬಾಕ್ಕಂ, ವಳಸರವಾಕ್ಕಂಗಳನ್ನು ದಾಟಿ ಪೋರೂರಿನ ಕೂಡುರಸ್ತೆಯನ್ನು ಸೇರುತ್ತಾರೆ. ಪರಂಗಿಮಲೆಯ ಕಡೆಯಿಂದ ಪೂನಮಲ್ಲಿಗೆ ಹೋಗುವ ರಸ್ತೆಯು ಅಲ್ಲಿ ಅಡ್ಡಲಾಗಿ ಬಂದು ಕೂಡುತ್ತದೆ. ಕನ್ನಡ ಚಲಚ್ಚಿತ್ರಗಳು ಕೋಡಂಬಾಕ್ಕಂನಲ್ಲೇ ತಯಾರಾಗುತ್ತಿದ್ದ ದಿನಗಳಲ್ಲಿ ಈ ದಾರಿಯ ಮೊದಲ ಭಾಗವು ನಮ್ಮವರಿಗೆ ಚಿರಪರಿಚಿತವಾಗಿತ್ತು. ಪೋರೂರಾದರೋ ಕೆರೆಯುಳ್ಳ ಒಂದು ಹೊರವಲಯದ ಊರು ಮಾತ್ರ. 1985ರಲ್ಲಿ ಅಲ್ಲಿ ಶ್ರೀ ರಾಮಚಂದ್ರ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. 2011ರಲ್ಲಿ ಊರು ಚೆನ್ನೈ ಮಹಾನಗರಪಾಲಿಕೆಯ ಎಲ್ಲೆಯೊಳಕ್ಕೆ ಬಂದಿತು. ಈ ನಡುವೆ ಮಣಪ್ಪಾಕ್ಕಂನಿಂದ ಪೋರೂರಿನವರೆಗೆ ರಸ್ತೆಯ ಬದಿಯಲ್ಲಿ ಗಾಜಿನ ಗೋಡೆಗಳುಳ್ಳ ಬಹು ಅಂತಸ್ತಿನ ಕಟ್ಟಡಗಳೆದ್ದು, ಸಾವಿರಗಟ್ಟಲೆ ತರುಣ ತರುಣಿಯರು ಕೊರಳಲ್ಲಿ ಗುರುತಿನ ಚೀಟಿಯನ್ನು ತೂಗಹಾಕಿಕೊಂಡು ಅವುಗಳೊಳಗೆ ಹೋಗಿಬರುತ್ತಿದ್ದಾರೆ. ಮಧ್ಯಾಹ್ನ ಒಂದು ಗಂಟೆಗೆ ಹೊರಬಂದು ಊಟದ ಸ್ಥಳಗಳಲ್ಲಿ ಸಾಲುಗಟ್ಟುವ ಈ ಗಿರಾಕಿಗಳನ್ನು ನಮ್ಮ ಹೋಟೆಲು ನೌಕರರು ನಿತ್ಯವೂ ಕಾಣುತ್ತಾರೆ. ಅವರಿಗೆ ತಟ್ಟೆಯಿಡುತ್ತಾರೆ, ಕಾಫಿ ಕೊಡುತ್ತಾರೆ. ಆದರೆ ಅವರು ಮಾಡುವ ಕೆಲಸವೇನೆಂಬುದು ತಟ್ಟೆಯಿಡುವವನಿಗೆ ತಿಳಿಯುವ ಸಂಭವ ಕಡಿಮೆ.

ಆ ಕೆಲಸಗಳಲ್ಲಿ ಒಂದರ ವಿಚಾರವನ್ನು ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ. ಆ ಹುದ್ದೆಯ ಹೆಸರು ‘ಎಮರ್ಜಿಂಗ್ ಟೆಕ್ನಾಲಜಿ ಸ್ಟ್ರಾಟೆಜಿಸ್ಟ್’. ಇದನ್ನು ಕನ್ನಡದಲ್ಲಿ ಒಂದೇ ಪದದಿಂದ ಹೇಳುವುದು ಕಷ್ಟ. ‘ಸ್ಟ್ರಾಟೆಗೋಸ್’ ಎಂದರೆ ಪ್ರಾಚೀನ ಗ್ರೀಕರಲ್ಲಿ ಸೇನಾನಾಯಕ. ನಮ್ಮ ರೀತಿಯಲ್ಲಿ ಹೇಳುವುದಾದರೆ ಇವನು ಸೇನಾನಾಯಕನಿಗಿಂತ ಹೆಚ್ಚಾಗಿ ಮಂತ್ರಿಗೆ ಸಮೀಪದವನು. ಯುದ್ಧವನ್ನು ತಾನು ಮಾಡುವುದಿಲ್ಲ. ಯಾವ ಯುದ್ಧವನ್ನು ಮಾಡಬೇಕು, ಯಾವುದನ್ನು ಬಿಡಬೇಕು ಎಂದು ಅರಸನ ಕಿವಿಯಲ್ಲಿ ಹೇಳುತ್ತಾನೆ. ಲೋಕದಲ್ಲಿ ಹೊಸದಾಗಿ ತಲೆಯೆತ್ತುತ್ತಿರುವ ತಂತ್ರವಿದ್ಯೆಗಳನ್ನು ಗಮನಿಸಿ, ತನ್ನ ಕಂಪೆನಿಯು ಅವುಗಳಲ್ಲಿ ಯಾವುದನ್ನು ಈಗಲೇ ಕೊಳ್ಳಬೇಕು, ಯಾವುದನ್ನು ತಾನೇ ರೂಪಿಸಬೇಕು, ಯಾವುದಕ್ಕೆ ಎರಡು ವರ್ಷ ಕಾಯಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ಸಲಹೆ ಕೊಡುವುದು ಅವನ ಕರ್ತವ್ಯ.

ಹೆಸರು ಹೊಸದಾದರೂ ಕೆಲಸವು ನಮಗೆ ಅಪರಿಚಿತವಲ್ಲವೆಂಬುದು ನಮ್ಮ ಅಭಿಪ್ರಾಯ. ಉಡುಪಿಯ ಕಡೆಯಿಂದ ಬರಿಗೈಯಲ್ಲಿ ಮದರಾಸಿಗೆ ಬಂದು, ಅಡಿಗೆಮನೆಯ ಕೆಲಸದಿಂದ ಪ್ರಾರಂಭಿಸಿ, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದ ಕೆ. ಕೃಷ್ಣರಾಯರ ಹೆಸರನ್ನು ಕೇಳದ ಕನ್ನಡಿಗರು ಈ ನಗರದಲ್ಲಿ ಇರಲಾರರು. ಅವರು 1962ರಲ್ಲಿ ತೋಟಗಾರಿಕಾ ಸಂಘದ ಮರಗಳ ನೆರಳಿನಲ್ಲಿ ‘ಡ್ರೈವ್-ಇನ್’ ಹೋಟೆಲನ್ನು ಪ್ರಾರಂಭಿಸಿದರು. ಗಿರಾಕಿಯು ಮೋಟಾರಿನಿಂದ ಇಳಿಯಬೇಕಾಗಿಲ್ಲ. ಇದ್ದಲ್ಲಿಗೇ ದೋಸೆ, ಕಾಫಿ ಬರುತ್ತದೆ. ಮೋಟಾರು ಇದ್ದವರೇ ವಿರಳವಾಗಿದ್ದ ಆ ಕಾಲದಲ್ಲಿ ಇದು ಸಾಹಸವೇ ಸರಿ. ಮುಂದೆ ಮೋಟಾರುಗಳು ಹೆಚ್ಚುವುವು, ಅವುಗಳಲ್ಲಿ ಬರುವವರಿಗೆ ಬೇರೊಂದು ಬಗೆಯ ಆತಿಥ್ಯ ಬೇಕಾಗುವುದು ಎಂಬ ಎಣಿಕೆ ಇಲ್ಲದೆ ಅಂಥ ಪ್ರಯತ್ನಕ್ಕೆ ಯಾರು ಕೈಹಾಕುತ್ತಾರೆ? ಆ ಹೋಟೆಲು 2008ರವರೆಗೆ ನಡೆಯಿತು. ಮೋಟಾರನ್ನು ಕೃಷ್ಣರಾಯರು ಕಂಡುಹಿಡಿಯಲಿಲ್ಲ. ಅದು ಬಂದಮೇಲೆ ಇಡ್ಲಿಯ ವ್ಯಾಪಾರ ಏನಾಗುವುದೆಂದು ಯೋಚಿಸಿದರು. ಇಂದಿನ ಪೋರೂರಿನ ಗಾಜಿನ ಕೊಠಡಿಯಲ್ಲಿ ಕುಳಿತವನೂ ಇದನ್ನೇ ಮಾಡಬೇಕಾಗಿದೆ.

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನ ಯಜ್ಞನಾರಾಯಣ ಮಯ್ಯರ ಉದಾಹರಣೆಯೂ ಇಂಥದೇ. ಅವರು 1951ರಲ್ಲಿ ಯೂರೋಪಿನ ಪ್ರವಾಸ ಮಾಡಿ ಅಲ್ಲಿನ ಉಪಾಹಾರಗೃಹಗಳ ಶುಚಿತ್ವವನ್ನು ಕಣ್ಣಾರೆ ಕಂಡು ಬಂದರು. ಪಾತ್ರೆ, ಲೋಟ, ಚಮಚಗಳನ್ನು ಹಬೆಯಿಂದ ಶುದ್ಧಿಗೊಳಿಸುವ ಪದ್ಧತಿಯನ್ನು ತಮ್ಮಲ್ಲಿ ತಂದರು. ಅಲ್ಲಿನ ಮೇಜುಕುರ್ಚಿಗಳನ್ನಾಗಲಿ ತಿಂಡಿಗಳನ್ನಾಗಲಿ ತರಲಿಲ್ಲವೆಂಬುದನ್ನು ಗಮನಿಸಬೇಕು. ಮುಂದೆ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲು ತಿಂಡಿಯ ಬೆಲೆಗಳನ್ನು ಸರಕಾರವು ಕಟ್ಟುನಿಟ್ಟಾಗಿ ಇಳಿಸಿದಾಗ ಅದೇ ಸಂಸ್ಥೆಯು ರವೆ ಇಡ್ಲಿ ಮುಂತಾದವುಗಳ ಸಿದ್ಧ ಹಿಟ್ಟನ್ನು ಪೊಟ್ಟಣ ಕಟ್ಟಿ ಮಾರುವ ಮಾರ್ಗವನ್ನು ಹಿಡಿಯಿತು. ಅಡಿಗೆಯವನ ಕೈಯಲ್ಲಿದ್ದ ಹದವು ಹೀಗೆ ಪೊಟ್ಟಣದೊಳಕ್ಕೆ ಸೇರಿತು.

ಆಯ್ಕೆಯಲ್ಲಿ ತಪ್ಪಿದರೆ ಏನಾಗುತ್ತದೆಂಬುದಕ್ಕೂ ದೂರದ ಅಮೆರಿಕೆಗೆ ಹೋಗಬೇಕಾಗಿಲ್ಲ. ನಮ್ಮಲ್ಲಿ ಹಿರಿಯರಾದವರ ಮಣಿಕಟ್ಟಿನ ಮೇಲೆ ಎಚ್.ಎಂ.ಟಿ. ಗಡಿಯಾರವಿತ್ತು, ಮೊದಲ ಸಂಬಳದ ಉಳಿತಾಯದಲ್ಲಿ ಅದನ್ನು ಕೊಂಡವರೂ, ಮದುವೆಯಲ್ಲಿ ಮಾವನಿಂದ ಪಡೆದವರೂ ಅನೇಕರು. ಬೆಂಗಳೂರಿನ ಆ ಕಾರ್ಖಾನೆಯು ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ 1961ರಲ್ಲಿ ಕೈಗಡಿಯಾರಗಳನ್ನು ಮಾಡತೊಡಗಿತು. ‘ಜನತಾ’, ‘ಪೈಲಟ್’ ಮುಂತಾದ ಗಡಿಯಾರಗಳಿಗಾಗಿ ಜನ ಕಾದುನಿಲ್ಲುತ್ತಿದ್ದ ಕಾಲವೊಂದಿತ್ತು. ಅಷ್ಟರಲ್ಲಿ 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪೆನಿಯು ಕೀಲಿ ಕೊಡುವ ಅಗತ್ಯವಿಲ್ಲದ, ಸ್ಫಟಿಕದ ಸ್ಪಂದನದಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಈ ವಿದ್ಯೆ ಯಾರಿಂದಲೂ ಮುಚ್ಚಿಟ್ಟದ್ದಲ್ಲ. ಎಚ್.ಎಂ.ಟಿ.ಯವರೂ 1980ರ ದಶಕದ ಪ್ರಾರಂಭದಲ್ಲಿ ಕ್ವಾರ್ಟ್ಜ್ ಗಡಿಯಾರವನ್ನು ತಂದರು. ಆದರೆ ಅವರ ಯಂತ್ರಗಳು, ಅವರ ಕೆಲಸಗಾರರ ನೈಪುಣ್ಯ, ಅವರ ಮನಸ್ಸು ಎಲ್ಲವೂ ಕೀಲಿಯ ಗಡಿಯಾರದಲ್ಲೇ ನೆಟ್ಟಿದ್ದವು. 1984ರಲ್ಲಿ, ಕನ್ನಡ ನುಡಿಯು ಇಂದಿಗೂ ಕೇಳಿಬರುವ ಗಡಿನಾಡಾದ ಹೊಸೂರಿನಲ್ಲಿ, ಟಾಟಾ ಸಂಸ್ಥೆಯೂ ತಮಿಳುನಾಡು ಸರಕಾರದ ಉದ್ಯಮಾಭಿವೃದ್ಧಿ ನಿಗಮವೂ ಕೂಡಿ ಟೈಟನ್ ಕಂಪೆನಿಯನ್ನು ಕಟ್ಟಿದವು. ಕ್ಸರ್ಕ್ಸೆಸ್ ದೇಸಾಯಿಯವರ ನಾಯಕತ್ವದಲ್ಲಿ ಆ ಕಂಪೆನಿಯು ಕ್ವಾರ್ಟ್ಜನ್ನೇ ನಂಬಿ ಹೊರಟಿತು. ಎರಡು ಕಾರ್ಖಾನೆಗಳ ನಡುವಣ ಅಂತರ ರಸ್ತೆಯ ಮೇಲೆ ಒಂದೆರಡು ಗಂಟೆಯ ಪ್ರಯಾಣ. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್.ಎಂ.ಟಿ. ವಾಚಸ್ ಕಂಪೆನಿಯನ್ನು ಮುಚ್ಚಲು ತೀರ್ಮಾನಿಸಿತು. ಉಳಿದಿದ್ದ ಕೆಲಸಗಾರರಿಗೆ ಸ್ವಯಂನಿವೃತ್ತಿಯ ಹಣ ಕೊಟ್ಟು ಕಳುಹಿಸಲಾಯಿತು.

ಸರಕಾರದ ಕಾರ್ಖಾನೆಗೆ ನೂರು ಕಟ್ಟುಗಳು, ಖಾಸಗಿಯವರಿಗೆ ಅವಿಲ್ಲ, ಆದ್ದರಿಂದ ಈ ಹೋಲಿಕೆ ನ್ಯಾಯವಲ್ಲ ಎಂದು ಕೆಲವರು ಹೇಳಬಹುದು. ಅದರಲ್ಲಿ ಸತ್ಯಾಂಶವಿದೆ. ಆದರೆ ಸೂಕ್ಷ್ಮವಾದ ಚಕ್ರಗಳನ್ನು ಕೂಡಿಸಲು ಕಲಿತ ಕೈಗೆ ಆ ಕಾರಣಗಳಿಂದ ಸಮಾಧಾನವಾಗುವುದಿಲ್ಲ.

ಇನ್ನು ಈ ಕೆಲಸವನ್ನು ದಿನದಿನವೂ ಮಾಡುವ ಬಗೆ ಹೇಗೆಂದು ನೋಡೋಣ. ನಮಗೆ ಪರಿಚಿತರಾದ ಕುಂದಾಪುರದ ಕಡೆಯ ತರುಣರೊಬ್ಬರು ಪೋರೂರಿನ ಒಂದು ಕಂಪೆನಿಯಲ್ಲಿ ಈ ಹುದ್ದೆಯಲ್ಲಿದ್ದಾರೆ. ಅವರ ಹೆಸರನ್ನೂ ಕಂಪೆನಿಯ ಹೆಸರನ್ನೂ ಇಲ್ಲಿ ಕೊಡುವಂತಿಲ್ಲ. ತಂದೆಯವರು ಮೂವತ್ತು ವರ್ಷ ಕೋಡಂಬಾಕ್ಕಂನ ಹೋಟೆಲೊಂದರಲ್ಲಿ ಸಪ್ಲೈಯರಾಗಿದ್ದು, ಕೊನೆಯ ವರ್ಷಗಳಲ್ಲಿ ಗಲ್ಲೆಯ ಮೇಲೆ ಕುಳಿತಿದ್ದವರು. ವಳಸರವಾಕ್ಕಂನ ಅವರ ಮನೆಗೆ ನಾವು ಹೋಗಿದ್ದ ಒಂದು ಭಾನುವಾರ, ಮಗನ ಕೆಲಸವನ್ನು ವಿವರಿಸಿ ಎಂದು ತಂದೆಯವರನ್ನೇ ಕೇಳಿದೆವು.

“ನಂಗೆ ಗೊತ್ತಿದ್ರೆ ಅಲ್ದ ಹೇಳೂಕೆ? ಎಂತದೋ ಮೀಟಿಂಗ್ ಅಂತ. ಬೆಳಿಗ್ಗೆ ಮೀಟಿಂಗ್, ರಾತ್ರಿ ಅಮೆರಿಕದವ್ರ ಹತ್ರ ಮೀಟಿಂಗ್” ಎಂದರು ಅವರು.

ಮಗ ನಕ್ಕು, “ಅಪ್ಪಯ್ಯ, ನೀವು ಹೊಸ ತರಕಾರಿಯವನು ಬಂದ್ರೆ ಮೊದ್ಲು ಎಂತ ಮಾಡ್ತಿದ್ರಿ?” ಎಂದು ಕೇಳಿದರು.

“ಒಂದು ಬುಟ್ಟಿ ತಕಂಡು ನೋಡುದು. ಹಳಬನ್ನ ಬಿಡುಕಾಗ.”

“ನಾನೂ ಅಷ್ಟೇ ಮಾಡುದು.”

ಈ ಉತ್ತರವು ಸರಳವಾದರೂ ವಿಷಯವು ಬಹುಮಟ್ಟಿಗೆ ಇದರಲ್ಲಿದೆ. ಹೊಸ ತಂತ್ರವನ್ನು ಮಾರುವವರು ದಿನವೂ ಕಂಪೆನಿಯ ಬಾಗಿಲಿಗೆ ಬರುತ್ತಾರೆ. ಪ್ರತಿಯೊಬ್ಬನೂ ತನ್ನ ಯಂತ್ರವಿಲ್ಲದೆ ಮುಂದಿನ ವರ್ಷ ಕಂಪೆನಿಯು ಬದುಕಲಾರದೆಂದು ಹೇಳುತ್ತಾನೆ. ಮಂತ್ರಾಲೋಚಕನು ಅವರ ಮಾತನ್ನು ಕೇಳಿ, ವಿಜ್ಞಾನದ ಪತ್ರಿಕೆಗಳನ್ನೂ ಪೇಟೆಂಟು ದಾಖಲೆಗಳನ್ನೂ ಓದಿ, ಪ್ರತಿಸ್ಪರ್ಧಿಗಳು ಏನು ಮಾಡುತ್ತಿದ್ದಾರೆಂದು ವಿಚಾರಿಸಿ, ಹತ್ತರಲ್ಲಿ ಒಂದನ್ನು ಆರಿಸಿ ಒಂದು ಚಿಕ್ಕ ಪ್ರಯೋಗಕ್ಕೆ ಇಡುತ್ತಾನೆ. ಒಂದು ಇಲಾಖೆ, ಮೂರು ತಿಂಗಳು, ಮಿತವಾದ ಹಣ. ಇದೇ ‘ಒಂದು ಬುಟ್ಟಿ’. ಪ್ರಯೋಗವು ಫಲಿಸಿದರೂ ಕೆಲಸ ಮುಗಿಯಲಿಲ್ಲ. ಒಂದು ಇಲಾಖೆಯಲ್ಲಿ ನಡೆದದ್ದು ನಲವತ್ತು ಇಲಾಖೆಗಳಲ್ಲಿ ನಡೆಯುವುದೇ? ಹಳೆಯ ಲೆಕ್ಕಪತ್ರಗಳೊಂದಿಗೆ ಅದು ಹೊಂದುವುದೇ? ಗಿರಾಕಿಗಳ ಗುಟ್ಟು ಹೊರಗೆ ಹೋಗುವುದೇ? ಕಾಯಿದೆಯ ತೊಡಕಿದೆಯೇ? ಮಾರಿದ ಕಂಪೆನಿಯೇ ನಾಳೆ ಮುಳುಗಿಹೋದರೆ ಗತಿಯೇನು? ಇವೆಲ್ಲಕ್ಕೂ ಉತ್ತರ ಬರೆದು ಮೇಲಿನವರ ಮುಂದಿಡಬೇಕು. ಬಹಳ ಸಲ ಅವನ ವರದಿಯ ಸಾರ ‘ಈಗ ಬೇಡ’ ಎಂಬುದೇ. ಬೇಡವೆನ್ನಲು ಸಂಬಳ ಪಡೆಯುವ ಮನುಷ್ಯನೆಂದು ಸಹೋದ್ಯೋಗಿಗಳು ಅವನನ್ನು ಹಾಸ್ಯ ಮಾಡುವುದೂ ಉಂಟಂತೆ.

ಹೊಸದರ ಸುತ್ತ ಏಳುವ ಗದ್ದಲವನ್ನು ಅಳೆಯಲು ಈ ವೃತ್ತಿಯವರಲ್ಲಿ ಒಂದು ಪ್ರಸಿದ್ಧವಾದ ರೇಖಾಚಿತ್ರವಿದೆ. ಅಮೆರಿಕದ ಗಾರ್ಟ್‌ನರ್ ಎಂಬ ಸಂಸ್ಥೆಯವರು 1995ರಿಂದ ಅದನ್ನು ಪ್ರಕಟಿಸುತ್ತ ಬಂದಿದ್ದಾರೆ. ಅದರ ತಾತ್ಪರ್ಯವನ್ನು ಹಾಲು ಕಾಯಿಸಿದವರಿಗೆ ಹೇಳಿಕೊಡಬೇಕಾಗಿಲ್ಲ. ಮೊದಲು ನೊರೆಯು ಪಾತ್ರೆಯ ಅಂಚನ್ನು ಮೀರಿ ಉಕ್ಕುತ್ತದೆ. ನೋಡುವವರು ಪಾತ್ರೆ ತುಂಬ ಹಾಲೇ ಇದೆಯೆಂದು ಭ್ರಮಿಸುತ್ತಾರೆ. ಉರಿ ತಗ್ಗಿದೊಡನೆ ನೊರೆ ಕುಸಿಯುತ್ತದೆ; ಆಗ ಅವರೇ ಪಾತ್ರೆ ಬರಿದೆಂದು ಹಳಿಯುತ್ತಾರೆ. ತಳದಲ್ಲಿ ಉಳಿದದ್ದೆಷ್ಟು ಎಂಬುದನ್ನು ಆಮೇಲೆ ಸಾವಕಾಶವಾಗಿ ನೋಡಬೇಕು. 2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಕಂಪೆನಿಯು ತನ್ನ ಹೆಸರನ್ನೇ ‘ಮೆಟಾ’ ಎಂದು ಬದಲಿಸಿಕೊಂಡು, ಮುಂದೆ ಜನರು ಕಣ್ಣಿಗೆ ಯಂತ್ರವನ್ನು ಕಟ್ಟಿಕೊಂಡು ಕಲ್ಪಿತ ಲೋಕದಲ್ಲೇ ವ್ಯವಹರಿಸುವರೆಂದು ಸಾರಿತು. ಎಷ್ಟೋ ಕಂಪೆನಿಗಳು ಆ ಲೋಕದಲ್ಲಿ ಅಂಗಡಿ ತೆರೆಯಲು ಹಣ ಸುರಿದವು. ಎರಡು ವರ್ಷಗಳೊಳಗೆ ಆ ಮಾತು ತಣ್ಣಗಾಯಿತು. ಆ ಸಮಯದಲ್ಲಿ ‘ಈಗ ಬೇಡ’ ಎಂದು ಬರೆದವನು ತನ್ನ ಸಂಬಳಕ್ಕೆ ನ್ಯಾಯ ಸಲ್ಲಿಸಿದನೆನ್ನಬೇಕು.

ಇದಕ್ಕೆ ವಿರುದ್ಧವಾದ ದೃಷ್ಟಾಂತವು ನಮ್ಮ ಗಲ್ಲೆಯ ಮೇಲೆಯೇ ಇದೆ. 2016ರ ಏಪ್ರಿಲಿನಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಯು.ಪಿ.ಐ. ಎಂಬ ಹಣ ಪಾವತಿಯ ಪದ್ಧತಿಯನ್ನು ಪ್ರಕಟಿಸಿದಾಗ ಹೋಟೆಲುಗಳಲ್ಲಿ ಅದರ ಸುದ್ದಿಯೇ ಇರಲಿಲ್ಲ. ಅದೇ ವರ್ಷ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ಅಂದಿನಿಂದ ಮೆಲ್ಲಮೆಲ್ಲನೆ ಚೌಕುಳಿಯ ಚಿತ್ರವಿರುವ ಕಾಗದವು ಗಲ್ಲೆಯ ಪಕ್ಕದಲ್ಲಿ ದೇವರ ಪಟದ ಕೆಳಗೆ ಬಂದು ನಿಂತಿತು. 2023ರ ಆಗಸ್ಟ್ ತಿಂಗಳೊಂದರಲ್ಲೇ ದೇಶದಲ್ಲಿ ಈ ಮಾರ್ಗವಾಗಿ 1000 ಕೋಟಿಗೂ ಹೆಚ್ಚು ಪಾವತಿಗಳಾದವು. ಚಿಲ್ಲರೆಗಾಗಿ ಗಿರಾಕಿಯೊಡನೆ ಜಗಳವಿಲ್ಲ. ಹಣ ಬಂದಿತೆಂದು ಪೆಟ್ಟಿಗೆಯೇ ಗಟ್ಟಿಯಾಗಿ ಕೂಗುತ್ತದೆ. ಆದರೆ ಸಪ್ಲೈಯರಿಗೆ ತಟ್ಟೆಯ ಕೆಳಗೆ ಸಿಗುತ್ತಿದ್ದ ಐದು ಹತ್ತು ರೂಪಾಯಿಯೂ ಚಿಲ್ಲರೆಯ ಜೊತೆಯಲ್ಲೇ ಮರೆಯಾಗುತ್ತಿದೆಯೆಂದು ನಮ್ಮ ಹುಡುಗರು ಹೇಳುತ್ತಾರೆ. ಈ ಸಣ್ಣ ನಷ್ಟವನ್ನು ಯಾವ ಕಂಪೆನಿಯ ಯಾವ ವರದಿಯಲ್ಲಿ ಬರೆದಿದ್ದಾರೋ ನಾವರಿಯೆವು.

ಇಲ್ಲಿಗೆ ನಾವು ಮುಖ್ಯ ವಿಷಯಕ್ಕೆ ಬಂದಂತಾಯಿತು. ಹೊಸ ಯಂತ್ರವನ್ನು ತರಬೇಕೇ ಎಂದು ತೂಗುವವನ ತಕ್ಕಡಿಯಲ್ಲಿ ಹಣವಿದೆ, ಕಾಲವಿದೆ, ಪ್ರತಿಸ್ಪರ್ಧಿಯ ಭಯವಿದೆ. ಆ ಕೆಲಸವನ್ನು ಈವರೆಗೆ ಕೈಯಿಂದ ಮಾಡುತ್ತಿದ್ದವನು ಆ ತಕ್ಕಡಿಯಲ್ಲಿ ಇದ್ದಾನೆಯೇ? ಹೋಟೆಲಿನ ಅಡಿಗೆಮನೆಯನ್ನೇ ನೋಡಿರಿ. ಒರಳುಕಲ್ಲಿನ ಮುಂದೆ ನಸುಕಿನಲ್ಲೇ ಕುಳಿತು ಮಣಗಟ್ಟಲೆ ಅಕ್ಕಿ ಉದ್ದು ರುಬ್ಬುವುದಕ್ಕೆಂದೇ ಒಂದು ಕಾಲದಲ್ಲಿ ಬೇರೆ ಆಳುಗಳಿದ್ದರು. ಕೊಯಮತ್ತೂರಿನ ಪಿ. ಸಭಾಪತಿಯವರು 1955ರಲ್ಲಿ ವಿದ್ಯುತ್ತಿನಿಂದ ತಿರುಗುವ ರುಬ್ಬುವ ಯಂತ್ರವನ್ನು ನಿರ್ಮಿಸಿದರು. ಅದು ಹರಡಿದಂತೆಲ್ಲ ಆ ಆಳಿನ ಕೆಲಸವು ಇಲ್ಲವಾಯಿತು. ಅಂಗೈಯ ಬೊಬ್ಬೆಗಳು, ತೋಳಿನ ನೋವು ಹೋದುವೆಂದು ಸಂತೋಷಪಡದವರಾರು? ಯಂತ್ರ ಬಂದ ಹೋಟೆಲುಗಳಲ್ಲಿ ಹಿಟ್ಟು ಹೆಚ್ಚಾಯಿತು, ಇಡ್ಲಿ ಹೆಚ್ಚಾಯಿತು, ಗಿರಾಕಿ ಹೆಚ್ಚಿದ; ರುಬ್ಬುವವನೇ ಅನೇಕ ಕಡೆ ದೋಸೆಯ ಕಾವಲಿಯ ಮುಂದೆ ನಿಂತ. ಆದರೆ ವಯಸ್ಸಾಗಿದ್ದವನು ಊರಿಗೆ ಹಿಂದಿರುಗಿದ.

ಗುಮಾಸ್ತರ ಕಥೆಯು ಇದಕ್ಕಿಂತ ಹೆಚ್ಚು ಜಟಿಲವಾದದ್ದು. 1960ರ ದಶಕದಲ್ಲಿ ಕಲ್ಕತ್ತೆಯ ಜೀವವಿಮಾ ನಿಗಮದ ಕಚೇರಿಗೆ ಗಣಕಯಂತ್ರವನ್ನು ತರಲು ಹೊರಟಾಗ ನೌಕರರು ಇಲಾಕೋ ಹೌಸ್ ಎಂಬ ಕಟ್ಟಡಕ್ಕೆ ಹಗಲಿರುಳು ಕಾವಲಿದ್ದು ಅದನ್ನು ತಡೆದರು. ಬ್ಯಾಂಕುಗಳಲ್ಲಿಯೂ ವಿರೋಧವು ಪ್ರಬಲವಾಗಿತ್ತು. ಕಡೆಗೆ 1983ರಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಗಳಿಗೂ ಒಂದು ಒಪ್ಪಂದವಾಗಿ, ಎಲ್ಲೆಲ್ಲಿ ಎಂಥ ಯಂತ್ರಗಳನ್ನು ಎಷ್ಟರ ಮಟ್ಟಿಗೆ ಇಡಬಹುದೆಂದು ಗೊತ್ತುಪಡಿಸಲಾಯಿತು. ಡಾಕ್ಟರ್ ರಂಗರಾಜನ್‌ರ ಅಧ್ಯಕ್ಷತೆಯ ಸಮಿತಿಯು ಗಣಕೀಕರಣದ ಕ್ರಮವನ್ನು ಸೂಚಿಸಿತು. ಹೀಗೆ ಯಂತ್ರವು ಒಂದೇ ಸಲ ನುಗ್ಗದೆ ಹಂತಹಂತವಾಗಿ ಬಂದುದರಿಂದ, ಲೆಡ್ಜರಿನ ಮೇಲೆ ಬಗ್ಗಿ ಕುಳಿತಿದ್ದ ಎಷ್ಟೋ ಮಂದಿ ಕನ್ನಡಿಗ ಗುಮಾಸ್ತರು ಅದೇ ಬ್ಯಾಂಕಿನಲ್ಲಿ ಕೀಲಿಮಣೆಯ ಮುಂದೆ ಕುಳಿತು ಗೌರವದಿಂದ ನಿವೃತ್ತರಾದರು. ವಿರೋಧಿಸಿದವರು ಪ್ರಗತಿಗೆ ಶತ್ರುಗಳೆಂದು ಇಂದು ಹೇಳುವುದು ಸುಲಭ. ಅವರು ಗೆದ್ದದ್ದು ಯಂತ್ರದ ಮೇಲಲ್ಲ, ಕಾಲದ ಮೇಲೆ: ಇಪ್ಪತ್ತು ವರ್ಷಗಳ ಅವಕಾಶವನ್ನು ಅವರು ಗಳಿಸಿಕೊಂಡರು. ಆ ಅವಕಾಶದಲ್ಲಿ ಅವರ ಮಕ್ಕಳು ಎಂಜಿನಿಯರಿಂಗ್ ಕಾಲೇಜುಗಳನ್ನು ಸೇರಿದರು.

ಈಗಿನ ವೇಗ ಬೇರೆ. 2022ರ ನವೆಂಬರ್ 30ರಂದು ಅಮೆರಿಕದ ಓಪನ್ ಎ.ಐ. ಕಂಪೆನಿಯು ಚಾಟ್‌ಜಿಪಿಟಿ ಎಂಬ, ಕೇಳಿದ್ದಕ್ಕೆ ವಾಕ್ಯರೂಪದಲ್ಲಿ ಉತ್ತರ ಬರೆಯುವ ಕೃತಕ ಬುದ್ಧಿಯನ್ನು ಸಾರ್ವಜನಿಕರ ಮುಂದಿಟ್ಟಿತು. ಅಲ್ಲಿಂದೀಚೆಗೆ ಪೋರೂರಿನ ನಮ್ಮ ಮಂತ್ರಾಲೋಚಕನ ಮೇಜಿನ ಮೇಲಿನ ಬೇರೆ ವಿಷಯಗಳೆಲ್ಲ ಬದಿಗೆ ಸರಿದವು. ಕಾಗದ ಬರೆಯುವುದು, ಬಿಲ್ಲು ತಾಳೆ ನೋಡುವುದು, ಒಂದು ಭಾಷೆಯಿಂದ ಇನ್ನೊಂದಕ್ಕೆ ಬದಲಿಸುವುದು ಗುಮಾಸ್ತನ ಕೆಲಸಗಳು ತಾನೆ? ಅಷ್ಟೇ ಅಲ್ಲದೆ ಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ತರುಣರ ಕೆಲಸವನ್ನೂ ಅದು ಮಾಡಬಲ್ಲದು. ದೇಶದ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ಅತಿ ದೊಡ್ಡದಾದ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ 2025ರ ಜುಲೈಯಲ್ಲಿ ತನ್ನ ನೌಕರರಲ್ಲಿ ಶೇಕಡಾ 2ರಷ್ಟು, ಎಂದರೆ 12,000ಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಅದರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ದರ್ಜೆಯವರೆಂದು ತಿಳಿಸಿತು. ಇದೆಲ್ಲಕ್ಕೂ ಕೃತಕ ಬುದ್ಧಿಯೊಂದೇ ಕಾರಣವೆಂದು ಹೇಳುವುದು ತಪ್ಪಾಗುತ್ತದೆ. ಆದರೆ ಗಾಜಿನ ಕಟ್ಟಡದೊಳಗೆ ಕುಳಿತವನೂ ಇಂದು ಒರಳುಕಲ್ಲಿನ ಮುಂದೆ ಕುಳಿತಿದ್ದವನ ಸ್ಥಿತಿಯಲ್ಲೇ ಇದ್ದಾನೆಂಬುದರಲ್ಲಿ ಸಂಶಯವಿಲ್ಲ.

ಈ ವಿದ್ಯೆಯಿಂದ ನಮಗೆ ಲಾಭವೇ ಇಲ್ಲವೆಂದೂ ಅಲ್ಲ. ಇದೇ ಚೆನ್ನೈಯ ಐ.ಐ.ಟಿ.ಯಲ್ಲಿ ಎ.ಐ.ಫಾರ್‌ಭಾರತ್ ಎಂಬ ಸಂಶೋಧನಾ ಗುಂಪು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳನ್ನು ಯಂತ್ರವು ಕೇಳಿ ಅರ್ಥಮಾಡಿಕೊಳ್ಳುವಂತೆ, ಒಂದರಿಂದ ಒಂದಕ್ಕೆ ಅನುವಾದಿಸುವಂತೆ ಮಾಡುವ ಕಾರ್ಯದಲ್ಲಿ ತೊಡಗಿದೆ. ಬೆಂಗಳೂರಿನ ನಂದನ್ ನಿಲೇಕಣಿಯವರ ನೆರವಿನಿಂದ 2022ರಲ್ಲಿ ಅಲ್ಲಿ ಒಂದು ಕೇಂದ್ರವೇ ಸ್ಥಾಪನೆಯಾಯಿತು. ಊರಿನಿಂದ ಮೊನ್ನೆ ಬಂದು ತಮಿಳು ಓದಲಾರದ ಹುಡುಗನೊಬ್ಬ ಆಸ್ಪತ್ರೆಯ ಕಾಗದವನ್ನು ಕನ್ನಡದಲ್ಲಿ ಕೇಳಿ ತಿಳಿಯುವಂತಾದರೆ ಅದು ಸಣ್ಣ ಉಪಕಾರವಲ್ಲ. ಕನ್ನಡವನ್ನು ಯಂತ್ರದ ಮೇಲೆ ತರಲು ಕಿನ್ನಿಕಂಬಳ ಪದ್ಮನಾಭ ರಾಯರು ದಶಕಗಳ ಹಿಂದೆ ಕೀಲಿಮಣೆಯ ವಿನ್ಯಾಸವನ್ನು ಯೋಜಿಸಿದಾಗ ಅವರಿಗೆ ‘ಸ್ಟ್ರಾಟೆಜಿಸ್ಟ್’ ಎಂಬ ಬಿರುದನ್ನು ಯಾರೂ ಕೊಟ್ಟಿರಲಿಲ್ಲ.

ಬಿರುದಿನ ಮಾತು ಬಂದುದರಿಂದ ವಾಚಕರಿಗೆ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾರೆವು. ಮೂರು ತಿಂಗಳಲ್ಲಿ ಕೃತಕ ಬುದ್ಧಿಯ ಮಂತ್ರಾಲೋಚಕರನ್ನಾಗಿ ಮಾಡುತ್ತೇವೆಂದು ಜಾಹೀರಾತು ಕೊಟ್ಟು, ಒಂದು ಲಕ್ಷ, ಎರಡು ಲಕ್ಷ ರೂಪಾಯಿ ಕಟ್ಟಿಸಿಕೊಳ್ಳುವ ತರಬೇತಿ ಶಾಲೆಗಳು ನಗರದಲ್ಲೂ ದೂರವಾಣಿಯ ಪರದೆಯ ಮೇಲೂ ಹೆಚ್ಚಿವೆ. ಹೋಟೆಲಿನ ಚೀಟಿಯ ಹಣವನ್ನು ಎತ್ತಿ, ಊರಿನ ಸೊಸೈಟಿಯಲ್ಲಿ ಸಾಲ ಮಾಡಿ ಮಗನನ್ನು ಅಂಥಲ್ಲಿಗೆ ಸೇರಿಸುವ ಮೊದಲು ತಂದೆತಾಯಿಗಳು ನಾಲ್ಕು ಸಲ ಆಲೋಚಿಸಬೇಕು. ಇದು ಓದು ಮುಗಿಸಿದೊಡನೆ ಸಿಗುವ ಹುದ್ದೆಯಲ್ಲ. ಎಂಜಿನಿಯರಿಂಗ್ ಇಲ್ಲವೆ ಗಣಿತ, ವಾಣಿಜ್ಯಗಳಲ್ಲಿ ಪದವಿ ಪಡೆದು, ಕಂಪೆನಿಯ ಒಂದೆರಡು ಇಲಾಖೆಗಳಲ್ಲಿ ಹತ್ತು ಹನ್ನೆರಡು ವರ್ಷ ದುಡಿದು, ಹಣ ಎಲ್ಲಿಂದ ಬರುತ್ತದೆ ಎಲ್ಲಿ ಸೋರುತ್ತದೆ ಎಂದು ಬಲ್ಲವರನ್ನೇ ಇದಕ್ಕೆ ಆರಿಸುತ್ತಾರೆ. ತಾನೇ ಕೈಯಿಟ್ಟು ಮಾಡದ ಕೆಲಸದ ಬಗ್ಗೆ ಮೂರು ತಿಂಗಳ ಪ್ರಮಾಣಪತ್ರ ಹಿಡಿದವನು ಯಾರಿಗೆ ಏನೆಂದು ಸಲಹೆ ಕೊಟ್ಟಾನು? ಬೇಕಾದರೆ ಅದೇ ಪಾಠಗಳಲ್ಲಿ ಹೆಚ್ಚಿನವು ಐ.ಐ.ಟಿ.ಗಳು ನಡೆಸುವ ಎನ್.ಪಿ.ಟಿ.ಇ.ಎಲ್. ಎಂಬ ಯೋಜನೆಯಲ್ಲಿ ಉಚಿತವಾಗಿಯೇ ದೊರೆಯುತ್ತವೆ. ಪರೀಕ್ಷೆಗೆ ಮಾತ್ರ ಸ್ವಲ್ಪ ಶುಲ್ಕ.

ನಮ್ಮ ತರುಣ ಮಿತ್ರರ ವಿಚಾರಕ್ಕೆ ಬರೋಣ. ಕಂಪೆನಿಗೆ ಸಾಮಾನು ಒದಗಿಸುವ ವರ್ತಕರ ಬಿಲ್ಲುಗಳನ್ನು ತಾಳೆ ನೋಡುವ ವಿಭಾಗದಲ್ಲಿ ಕೃತಕ ಬುದ್ಧಿಯನ್ನು ತರಬಹುದೇ ಎಂದು ಪರಿಶೀಲಿಸುವ ಕೆಲಸ ಅವರ ಪಾಲಿಗೆ ಬಂದಿದೆ. ಆ ವಿಭಾಗದಲ್ಲಿ ಹದಿನೆಂಟು ಮಂದಿ ಗುಮಾಸ್ತರಿದ್ದಾರೆ. ಮಾರುವ ಕಂಪೆನಿಯವರು ನಾಲ್ವರು ಸಾಕೆಂದು ಲೆಕ್ಕ ತೋರಿಸಿದರು. ಆ ಲೆಕ್ಕವನ್ನು ಒಪ್ಪುವ ಮೊದಲು ಇವರು ಎರಡು ವಾರ ಆ ವಿಭಾಗದಲ್ಲೇ ಒಂದು ಕುರ್ಚಿ ಹಾಕಿಸಿಕೊಂಡು ಕುಳಿತರಂತೆ. ಬಿಲ್ಲಿನಲ್ಲಿ ಬರೆದದ್ದನ್ನು ಓದುವುದರಲ್ಲಿ ಯಂತ್ರವು ಮನುಷ್ಯನಿಗಿಂತ ಚುರುಕು. ಆದರೆ ಒಬ್ಬ ವರ್ತಕನು ಪ್ರತಿ ಆಡಿ ತಿಂಗಳಲ್ಲೂ ಹಳೆಯ ದರವನ್ನೇ ತಪ್ಪಾಗಿ ಹಾಕುತ್ತಾನೆ, ಇನ್ನೊಬ್ಬನ ಮಗನೂ ಅದೇ ಹೆಸರಿನಲ್ಲಿ ಬೇರೆ ಅಂಗಡಿ ನಡೆಸುತ್ತಾನೆ, ಮೂರನೆಯವನ ಹಣ ಒಂದು ವಾರ ತಡವಾದರೂ ಅವನ ಆಳುಗಳಿಗೆ ಸಂಬಳವಾಗುವುದಿಲ್ಲ; ಇವು ಯಾವ ಬಿಲ್ಲಿನಲ್ಲೂ ಬರೆದಿರುವುದಿಲ್ಲ. ಅಲ್ಲಿ ಇಪ್ಪತ್ತೆರಡು ವರ್ಷ ಕುಳಿತಿರುವ ಒಬ್ಬ ಹಿರಿಯ ಗುಮಾಸ್ತೆಗೆ ಮಾತ್ರ ಗೊತ್ತು.

“ಅಲ್ಲ ಮಗಾ, ಅವ್ರಿಗೆಲ್ಲ ಹೇಳಿದ್ಯಾ, ನೀನು ಎಂತಕ್ಕೆ ಬಂದು ಕೂತ್ಕಂಡದ್ದು ಅಂತ?” ಎಂದು ತಂದೆಯವರು ನಡುವೆ ಕೇಳಿದರು.

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೇಳಿದೆ ಅಪ್ಪಯ್ಯ. ಮೊದಲನೇ ದಿನವೇ ಹೇಳಿದೆ. ಎರಡು ದಿನ ಯಾರೂ ಮಾತಾಡ್ಲಿಲ್ಲ. ಮೂರನೇ ದಿನ ಆ ದೊಡ್ಡವರೇ ಟೀ ತರಿಸಿ ಕೊಟ್ರು” ಎಂದರು.

ಹದಿನೆಂಟು ಮಂದಿಯಲ್ಲಿ ಯಾರನ್ನೂ ಬಿಡಿಸದೆ, ನಿವೃತ್ತರಾಗುವವರ ಸ್ಥಾನಗಳನ್ನು ಮಾತ್ರ ತುಂಬದೆ, ಮೂರು ವರ್ಷಗಳಲ್ಲಿ ಯಂತ್ರವನ್ನು ತರಬೇಕು. ಉಳಿದವರಿಗೆ ಯಂತ್ರದ ತಪ್ಪುಗಳನ್ನು ಪರಿಶೀಲಿಸುವ ಕೆಲಸವನ್ನು ಕಲಿಸಬೇಕು. ಮಾರುವವರು ತೋರಿಸಿದ ಉಳಿತಾಯವು ಮೊದಲ ವರ್ಷದಲ್ಲಿ ದೊರೆಯುವುದಿಲ್ಲ ಎಂದು ಅವರು ವರದಿ ಬರೆದಿದ್ದಾರೆ. ಮೇಲಿನವರಲ್ಲಿ ಒಬ್ಬರು, ಇಷ್ಟು ನಿಧಾನವಾದರೆ ನಿಮ್ಮ ಹುದ್ದೆಯಾದರೂ ಏಕೆ ಬೇಕು ಎಂದು ನಗುತ್ತಲೇ ಕೇಳಿದರಂತೆ. ವರದಿಯು ಕಂಪೆನಿಯ ಆಡಳಿತ ಮಂಡಲಿಯ ಮುಂದಿದೆ. ಮುಂದಿನ ಸಭೆಯು ಈ ತಿಂಗಳ ಕೊನೆಯಲ್ಲಿ ಸೇರುವುದಿದ್ದು, ಆ ವಿಭಾಗದವರು ಅಂದು ಯಾರೂ ರಜೆ ಹಾಕಿಲ್ಲವೆಂದು ಅವರು ಹೇಳಿದರು.